ಹೂಗಳ ಕಣಿವೆಯಲ್ಲಿ ಗಿಡಗಳನ್ನು ಕೀಳುವುದೇಕೆ?

ಉತ್ತರಾಖಂಡದ ಹೂಗಳ ಕಣಿವೆ ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಇಲಾಖೆಯವರು ಕೀಳಿಸುವುದು ಕಣಿವೆಯ ಹೆಸರಾಂತ ಕುಳ್ಳ ಹೂಗಿಡಗಳನ್ನಲ್ಲ, ಅವುಗಳ ಜಾಗವನ್ನು ಆಕ್ರಮಿಸುತ್ತಿರುವ ಪಾಲಿಗೋನಮ್ ಎಂಬ ಎತ್ತರದ ಗಿಡವನ್ನು. ಅದು ಹೊರದೇಶದಿಂದ ಬಂದ ಕಳೆಯೇನೂ ಅಲ್ಲ, ಹಿಮಾಲಯದ್ದೇ ಸಸ್ಯ.

ಅಲ್ಲಿ ಹಿಮ ಕರಗಿ ಮತ್ತೆ ಬೀಳುವುದರ ನಡುವಿನ ಕೆಲವೇ ತಿಂಗಳುಗಳಲ್ಲಿ ಪ್ರತಿಯೊಂದು ಗಿಡವೂ ಚಿಗುರಿ, ಹೂಬಿಟ್ಟು, ಬೀಜ ಕಟ್ಟಬೇಕು. ಪಾಲಿಗೋನಮ್ ನೆಲದಡಿಯಲ್ಲಿ ಹರಡಿದ ಕಾಂಡದಿಂದ ಚಿಗುರಿ ಆಳೆತ್ತರಕ್ಕೆ ದಟ್ಟವಾಗಿ ಬೆಳೆಯುವುದರಿಂದ, ಅದರ ನೆರಳಿಗೆ ಸಿಕ್ಕ ಮೊಣಕಾಲುದ್ದದ ಸಸ್ಯಗಳಿಗೆ ಇದ್ದ ಅಲ್ಪಸ್ವಲ್ಪ ಬಿಸಿಲೂ ದಕ್ಕುವುದಿಲ್ಲ. ಕುಡುಗೋಲಿನಿಂದ ಮೇಲ್ಭಾಗವನ್ನಷ್ಟೇ ಸವರಿದರೆ ನೆಲದಡಿಯ ಕಾಂಡ ಮತ್ತೆ ಚಿಗುರುತ್ತದೆ. ಆದ್ದರಿಂದ ಬೀಜ ಉದುರುವ ಮೊದಲೇ ಬುಡಸಮೇತ ಕೀಳಬೇಕು, ಮಣ್ಣಿನಲ್ಲಿ ತುಂಡುಗಳು ಉಳಿದೇ ಉಳಿಯುವುದರಿಂದ ಮರುವರ್ಷವೂ ಅದೇ ಜಾಗಕ್ಕೆ ಬರಬೇಕು.

1982ರಲ್ಲಿ ರಾಷ್ಟ್ರೀಯ ಉದ್ಯಾನದ ಘೋಷಣೆಯಾಗಿ, ಅದರ ಬೆನ್ನಲ್ಲೇ ಕುರಿ ಮೇಯಿಸುವುದು ನಿಂತದ್ದೇ ಪಾಲಿಗೋನಮ್ ಹೀಗೆ ಹಬ್ಬಲು ಕಾರಣವೆಂಬ ವಾದವಿದೆ. ಅದನ್ನು ಪೂರ್ತಿಯಾಗಿ ಒಪ್ಪುವುದು ನನಗೆ ಕಷ್ಟ, ಏಕೆಂದರೆ ಈ ಗಿಡ ಸುಲಭವಾಗಿ ನೆಲೆಯೂರುವುದು ಮಣ್ಣು ಕುಸಿದ ಇಳಿಜಾರುಗಳಲ್ಲಿ ಮತ್ತು ಹಿಂದೆ ಮಂದೆಗಳು ತಂಗಿ ಕದಡಿದ್ದ ಬಯಲುಗಳಲ್ಲಿ.

ಕಣಿವೆಗೆ ಹತ್ತಿರದ ಊರಾದ ಘಾಂಘರಿಯಾದಿಂದ ಬರುವ ಚಾರಣಿಗರು ಕಲ್ಲುಹಾಸಿನ ಕಾಲುದಾರಿ ಬಿಟ್ಟು ಇಳಿಯಬಾರದು, ಸಂಜೆಯೊಳಗೆ ಕಣಿವೆಯಿಂದ ಹೊರಬರಬೇಕು ಎಂಬ ಕಟ್ಟುಪಾಡು ಈ ದೃಷ್ಟಿಯಿಂದಲೂ ಸರಿಯಾದದ್ದೇ: ತುಳಿತದಿಂದ ಬರಿದಾದ ನೆಲವನ್ನು ಮೊದಲು ಹಿಡಿಯುವುದು ಇಂಥ ಗಿಡಗಳೇ.