800 ವ್ಯಾಟ್ ಬೇಡ, ಮೊದಲು ತೂಕ ಇಳಿಸಿ

ಸರ್, ಪುಣೆಯ ಚಿಂಚವಡದಿಂದ ಹಿಂಜವಡಿಗೆ ಹೋಗಿಬರಲು ದಿನಕ್ಕೆ 25 ಕಿ.ಮೀ. ಓಡುವ ಎರಡು ಸೀಟಿನ ಸೋಲಾರ್ ಗಾಡಿಗೆ 400 ವ್ಯಾಟ್ ಪ್ಯಾನೆಲ್ ಸಾಲದು, 800 ಹಾಕಲೇ ಎಂದಿದ್ದೀರಿ. ಬೇಡ. ಚದರ ಮೀಟರ್‌ಗೆ ಸಿಗುವುದೇ ಸುಮಾರು 200 ವ್ಯಾಟ್. 800ಕ್ಕಾಗಿ ನಾಲ್ಕು ಚದರ ಮೀಟರ್ ಚಾವಣಿ ಹೊತ್ತರೆ ಗಳಿಸಿದ್ದರಲ್ಲಿ ಒಳ್ಳೆಯ ಪಾಲನ್ನು ಅದರ ತೂಕ, ಗಾಳಿಯ ತಡೆಯೇ ತಿನ್ನುತ್ತವೆ.

ಇಬ್ಬರು ಕೂತಾಗ ಒಟ್ಟು 350 ಕಿಲೋ ದಾಟದಂತೆ ನೋಡಿಕೊಳ್ಳಿ. ಸಮತಟ್ಟು ರಸ್ತೆಯಲ್ಲಿ 40ರ ವೇಗದಲ್ಲಿ ಕಿ.ಮೀ.ಗೆ ಟೈರಿಗೆ 10 ವ್ಯಾಟ್-ಅವರ್, ಗಾಳಿಯ ತಡೆಗೆ 11, ಮೋಟರ್ ನಷ್ಟ ಸೇರಿ 26. ಸಿಗ್ನಲ್‌ಗಳಿಗಾಗಿ 35 ಹಿಡಿಯಿರಿ. 60ಕ್ಕೆ ಹೋದರೆ ಗಾಳಿಯೊಂದೇ 25 ನುಂಗುತ್ತದೆ. ಟೈರಿನ ಗಾಳಿ ಇಳಿದಿದ್ದರೆ, ಬ್ರೇಕ್ ಹಿಡಿದುಕೊಂಡಿದ್ದರೆ ಇದೆಲ್ಲ ಕೆಡುತ್ತದೆ.

400 ವ್ಯಾಟ್ ಪ್ಯಾನೆಲ್, ದಿನಕ್ಕೆ 5 ಗಂಟೆಯ ಪೂರ್ಣ ಬಿಸಿಲು, ಬಿಸಿ ಮತ್ತು ಚಾರ್ಜಿಂಗ್ ನಷ್ಟ ಶೇ. 30 ಕಳೆದರೆ 1.4 ಯೂನಿಟ್. ಕಿ.ಮೀ.ಗೆ 35ರಂತೆ 25 ಕಿ.ಮೀ.ಗೆ ನಿಮಗೆ ಬೇಕಿರುವುದು 0.9. ಸಾಕು, ಆದರೆ ಗಾಡಿ ಬಿಸಿಲಲ್ಲೇ ನಿಲ್ಲಬೇಕು. ಆಫೀಸಿನ ಬೇಸ್‌ಮೆಂಟ್‌ನಲ್ಲಿಟ್ಟರೆ ಸೊನ್ನೆ. ಜುಲೈ-ಆಗಸ್ಟ್‌ನಲ್ಲಿ ಪ್ಲಗ್ ಬೇಕೇ ಬೇಕು.

ಹೆಚ್ಚಿನವರು ಎಡವುವುದು ವೈರಿಂಗ್‌ನಲ್ಲಿ. 100 ವ್ಯಾಟ್‌ನ ಪ್ಯಾನೆಲ್ ಸುಮಾರು 18 ವೋಲ್ಟ್ ಕೊಡುತ್ತದೆ. ಎರಡನ್ನು ಸೀರಿಸ್ ಮಾಡಿದರೆ, ಅಂದರೆ ಒಂದರ ಹಿಂದೊಂದು ಜೋಡಿಸಿದರೆ, 36. ನಿಮ್ಮ 16 ಸೆಲ್ಲಿನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ 51 ವೋಲ್ಟ್. ಮಾಮೂಲಿ ಎಂಪಿಪಿಟಿ (ಪ್ಯಾನೆಲ್‌ನಿಂದ ಗರಿಷ್ಠ ವಿದ್ಯುತ್ ಎಳೆದು ಬ್ಯಾಟರಿಗೆ ಕೊಡುವ ಚಾರ್ಜ್ ಕಂಟ್ರೋಲರ್) ವೋಲ್ಟೇಜ್ ಇಳಿಸಬಲ್ಲದು, ಏರಿಸಲಾರದು, ಚಾರ್ಜೇ ಆಗುವುದಿಲ್ಲ. ನಾಲ್ಕನ್ನೂ ಸೀರಿಸ್ ಮಾಡಿದರೆ 72, ಆದರೆ ಏಪ್ರಿಲ್ ಬಿಸಿಗೆ 63ಕ್ಕೆ ಇಳಿಯುತ್ತದೆ. ಒಂದರ ಮೇಲೆ ಮರದ ನೆರಳು ಬಿದ್ದು ಆ ಪ್ಯಾನೆಲ್ ಬಿಟ್ಟು ಕರೆಂಟ್ ಹರಿಸುವ ಬೈಪಾಸ್ ಡಯೋಡ್ ಕೆಲಸ ಮಾಡಿದರೆ 47, ಅಲ್ಲಿಗೆ ಚಾರ್ಜ್ ಮತ್ತೆ ಬಂದ್. ಅದಕ್ಕೇ ಎರಡೆರಡು ಪ್ಯಾನೆಲ್‌ಗೆ ಒಂದೊಂದು ಬೂಸ್ಟ್ (ವೋಲ್ಟೇಜ್ ಏರಿಸುವ) ಎಂಪಿಪಿಟಿ ಹಾಕಿ. ಚಾರ್ಜ್ ಮಿತಿ 56 ವೋಲ್ಟ್‌ಗೆ ಇಡಿ. 58.4ಕ್ಕೆ ಬಿಟ್ಟರೆ ಒಂದು ಸೆಲ್ ಮೊದಲು ತುಂಬಿ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಸಂಪರ್ಕ ಕಡಿತಗೊಳಿಸುತ್ತದೆ, ಆ ಏಟು ಕಂಟ್ರೋಲರ್‌ಗೆ ಬೀಳುತ್ತದೆ.

ಬಾಗುವ ಪ್ಯಾನೆಲ್ ಅನ್ನು ತಗಡಿಗೆ ಅಂಟಿಸಬೇಡಿ. ಕೆಳಗೆ 15 ಮಿ.ಮೀ. ಗಾಳಿ ಓಡಾಡಲಿ. ಬ್ಯಾಟರಿ ಸೀಟಿನಡಿ ಇರಲಿ, ಚಾವಣಿಯಡಿ ಬೇಡ.

ಕಾತ್ರಜ್ ಘಾಟ್ ಕಡೆಗೂ ಒಯ್ಯುವ ಯೋಚನೆಯಿದ್ದರೆ, ಪ್ರತಿ 100 ಮೀಟರ್ ಎತ್ತರ ಏರಲು 120 ವ್ಯಾಟ್-ಅವರ್ ಬೇಕು. ಶೇ. 8ರ ಏರಿನಲ್ಲಿ ಅರ್ಧ ಮೀಟರ್ ವ್ಯಾಸದ ಚಕ್ರಕ್ಕೆ 75 ನ್ಯೂಟನ್-ಮೀಟರ್ ಟಾರ್ಕ್ (ತಿರುಗಿಸುವ ಬಲ) ಬೇಕು. ಚಕ್ರದೊಳಗೇ ಕೂರುವ ಸಣ್ಣ ಹಬ್ ಮೋಟರ್ ಸುಟ್ಟುಹೋಗುತ್ತದೆ, ವೇಗ ಇಳಿಸಿ ಬಲ ಏರಿಸುವ ಚೈನ್ ರಿಡಕ್ಷನ್ ಹಾಕಿ.

ರಸ್ತೆಗಿಳಿಸಲು ಟೈಪ್ ಅಪ್ರೂವಲ್ (ಗಾಡಿಯ ಮಾದರಿಗೆ ಒಪ್ಪಿಗೆ), ನೋಂದಣಿ ಬೇಕು; ಕೋಥ್ರೂಡ್ ಬಳಿಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐನಲ್ಲಿ ಮೊದಲೇ ವಿಚಾರಿಸಿ.

ಪ್ಯಾನೆಲ್ ಹಿಂದಿನ ಲೇಬಲ್‌ನ ವಿಒಸಿ (ಏನನ್ನೂ ಜೋಡಿಸದಾಗಿನ ವೋಲ್ಟೇಜ್) ಬರೆದು ಹಾಕಿ. ಜೋಡಿಯ ವಿಒಸಿ ಬ್ಯಾಟರಿಯ ಕನಿಷ್ಠ ವೋಲ್ಟೇಜಿಗಿಂತ ಕೆಳಗಿದ್ದರೆ ಮಾತ್ರ ಬೂಸ್ಟ್ ನಡೆಯುತ್ತದೆ.