ಅಡಿಕೆ ಮೆಷಿನ್ ಅಂದರೆ ಕಣ್ಣರಳುವ ಸೂಪರ್‌ವೈಸರ್

(ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಶಿವಮೊಗ್ಗದ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಶಿಫ್ಟ್ ಸೂಪರ್‌ವೈಸರ್. ವಯಸ್ಸು 35ರ ಆಸುಪಾಸು, ಊರು ತೀರ್ಥಹಳ್ಳಿ ಕಡೆ. ಹೆಂಡತಿಯೇ ನನ್ನ ಹತ್ತಿರ ಕೌನ್ಸೆಲಿಂಗಿಗೆ ಕರೆದುಕೊಂಡು ಬಂದಿದ್ದರು. "ಮನೆಗೆ ಬಂದ್ರೆ ಮಾತೇ ಇಲ್ಲ ಮೇಡಂ, ಭಾನುವಾರ ರಾತ್ರಿ ಆದ್ರೆ ಹೊಟ್ಟೆನೋವು ಅಂತಾರೆ." ಡಾಕ್ಟರು ನೋಡಿ, ಹೊಟ್ಟೇಲಿ ಏನೂ ಇಲ್ಲ ಅಂದಾಗಿತ್ತು.

ಅರ್ಧ ಗಂಟೆ ಅವರು ಹೇಳಿದ್ದು ಒಂದೇ, "ಆಸಕ್ತಿ ಹೋಗಿದೆ." ನಾನು ಸುಮ್ನೆ, ಊರಲ್ಲಿ ಅಡಿಕೆ ಸುಲಿಯೋದು ಮುಗೀತಾ ಅಂತ ಕೇಳಿದೆ. ಮನುಷ್ಯ ನೆಟ್ಟಗೆ ಕೂತರು. ಸುಲಿಯುವ ಮೆಷಿನ್ನಿನಲ್ಲಿ ಸಣ್ಣ ಅಡಿಕೆ ಒಡೆದು ಹೋಗುತ್ತಿತ್ತಂತೆ, ಅದಕ್ಕೆ ಮುಂದೆ ಒಂದು ಜರಡಿ ಕೂರಿಸಿ, ಸಣ್ಣದೆಲ್ಲ ಬೇರೆ ಬಿದ್ದು ಮೆಟ್ಟುಗತ್ತಿಯಲ್ಲಿ ಕೈಯಿಂದ ಸುಲಿಯುವವರ ಹತ್ತಿರ ಹೋಗುವ ಹಾಗೆ ಮಾಡಿದ್ದಾರೆ. ಲೋಟದ ನೀರಲ್ಲಿ ಬೆರಳದ್ದಿ ನನ್ನ ಮೇಜಿನ ಮೇಲೇ ಚಿತ್ರ ಬರೆದು ತೋರಿಸಿದರು. ಆಸಕ್ತಿ ಹೋಗಿದೆ ಅಂದವರು ಇವರೇನಾ!

ಫೌಂಡ್ರಿಯ ಕಥೆ ಆಮೇಲೆ ಬಂತು. ಎರಕದ ಒಳಗೆ ಟೊಳ್ಳು ಬೇಕಾದ ಕಡೆ ಮರಳಿನ ಕೋರ್ ಇಡುತ್ತಾರೆ. ನಮ್ಮ ಮಳೆಗಾಲದಲ್ಲಿ ಕೋರ್ ತೇವ ಹೀರುತ್ತದೆ, ಕಾದ ಲೋಹ ಬಿದ್ದಾಗ ಆ ತೇವ ಆವಿಯಾಗಿ, ಹೊರಗೆ ಹೋಗಲು ದಾರಿ ಸಿಗದೆ ಎರಕದಲ್ಲೇ ತೂತು ಉಳಿಸುತ್ತದೆ. ಅವರ ಬಾಯಲ್ಲಿ ಅದು ಬ್ಲೋಹೋಲ್. ಹೋದ ಜುಲೈನಲ್ಲಿ ರಿಜೆಕ್ಷನ್, ಅಂದರೆ ಕೆಟ್ಟು ಬೇಡವಾದ ಎರಕ, ಜಾಸ್ತಿಯಾದಾಗ ಇವರು ನೋಡುತ್ತಾ ಬಂದರು. ಶಟರ್ ಪಕ್ಕದ ರ್ಯಾಕಿನಲ್ಲಿ ರಾತ್ರಿಯಿಡೀ ಕೂತ ಕೋರ್‌ಗಳದ್ದೇ ಕಾಟ. ರ್ಯಾಕನ್ನು ಓವನ್ ಹತ್ತಿರ ಸರಿಸೋಣ ಅಂತ ಮೀಟಿಂಗ್‌ನಲ್ಲಿ ಹೇಳಿದರು. "ನಿನ್ನ ಟಾರ್ಗೆಟ್ ನೋಡ್ಕೋ, ಸಂಶೋಧನೆ ಆಮೇಲೆ" ಅಂದರು ಮೇಲಿನವರು. ಎಲ್ಲರೂ ನಕ್ಕರು. ಮುಂದಿನ ತಿಂಗಳು ಅದೇ ಜಾಗದಲ್ಲಿ ಸಲಹೆ ಪೆಟ್ಟಿಗೆ ಬಂತು, ಒಳ್ಳೆ ಐಡಿಯಾಗೆ 500 ರೂಪಾಯಿ ಅಂತ ಬೋರ್ಡು. ಒಳಗೆ ಬಿದ್ದದ್ದು ಕ್ಯಾಂಟೀನ್ ಸಾಂಬಾರಿನ ದೂರು ಮಾತ್ರ.

ಎಮಿ ಎಡ್ಮಂಡ್ಸನ್ ಅಂತ ಹಾರ್ವರ್ಡ್‌ನ ಪ್ರಾಧ್ಯಾಪಕಿ, 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ನೋಡಿದಾಗ ಒಳ್ಳೆಯ ತಂಡಗಳಲ್ಲೇ ಔಷಧದ ತಪ್ಪುಗಳು ಜಾಸ್ತಿ ದಾಖಲಾಗಿದ್ದವು. ಆ ತಂಡದವರು ತಪ್ಪು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದದ್ದೇ ಕಾರಣ ಅಂತ ಅವರಿಗೆ ಅನ್ನಿಸಿತು. ಆಮೇಲೆ ಒಂದು ತಯಾರಿಕಾ ಕಂಪನಿಯ 51 ತಂಡಗಳನ್ನು ನೋಡಿ 1999ರಲ್ಲಿ ಬರೆದರು, ಬಾಯಿಬಿಡಲು ಹೆದರಿಕೆಯಿಲ್ಲದ ತಂಡ ಹೊಸದನ್ನು ಕಲಿಯುತ್ತದೆ ಅಂತ. ಇದನ್ನು ಹೇಳಿದಾಗ ಇವರು ಸ್ವಲ್ಪ ಹೊತ್ತು ಬಿಟ್ಟು, "ಅಂದ್ರೆ ನಾನು ಸೋಮಾರಿ ಆಗಿಲ್ಲ" ಅಂದರು.

ರಾಜೀನಾಮೆ ಪತ್ರ ಫೋನಿನಲ್ಲಿ ರೆಡಿ ಇತ್ತು. ಮಳೆಗಾಲ ಮುಗಿಯುವವರೆಗೆ ಕಳಿಸಬೇಡಿ ಅಂದೆ. ಮೀಟಿಂಗಿಗೆ ಮುಂಚೆ ಮೇಲಿನವರಿಗೊಬ್ಬರಿಗೇ ಹೇಳಿದ್ರಾ ಅಂತ ಕೇಳಿದರೆ, ಇಲ್ಲ. ಎಲ್ಲರೆದುರು ದಿಢೀರ್ ಅಂತ ಹೇಳಿದರೆ ಮೇಲಿನವರಿಗೂ ಮುಜುಗರ ಅಲ್ವಾ? ಸಿಟ್ಟು ಬಂತು ಇವರಿಗೆ, ಹೆಂಡತಿ ಮಾತ್ರ ನಕ್ಕರು. ಮಳೆ ಶುರುವಾದ ಮೇಲೆ ಒಂದೇ ರ್ಯಾಕು, ಒಂದೇ ವಾರ, ಮೇಲಿನವರಿಗೆ ಹೇಳಿಯೇ ಸರಿಸಿ, ಎರಡೂ ಕಡೆಯ ರಿಜೆಕ್ಷನ್ ಲೆಕ್ಕ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಕೋರ್ ಮಾಡುವ ವಿಭಾಗದ ಹಳಬರನ್ನೂ ಜೊತೆಗೆ ಸೇರಿಸಿಕೊಳ್ಳಿ ಅಂದೆ. ಆಮೇಲೆ ಇನ್ನೊಂದು ಕೇಳಿದೆ. "ನಿಮ್ಮ ಕೈಕೆಳಗಿನ ಹುಡುಗರು ನಿಮಗೆ ಕೊನೇ ಸಲ ಏನಾದ್ರೂ ಐಡಿಯಾ ಹೇಳಿದ್ದು ಯಾವಾಗ?"

ಉತ್ತರ ಬರಲಿಲ್ಲ. ಮೇಜಿನ ಮೇಲಿನ ನೀರಿನ ಗೆರೆಯನ್ನು ಅಂಗೈಯಲ್ಲಿ ಒರೆಸುತ್ತಾ ಕೂತರು. ಯಾರೇ ಏನೇ ಹೇಳಿದರೂ ಎರಡು ದಿನದೊಳಗೆ ಉತ್ತರ ಕೊಡಿ, ಆಗಲ್ಲ ಅನ್ನೋದಾದರೆ ಯಾಕೆ ಅಂತಲೂ ಹೇಳಿ ಅಂತ ಕಳಿಸಿದೆ. 500 ರೂಪಾಯಿ ಬೋರ್ಡಿಗಿಂತ ಇದರಲ್ಲೇ ನನಗೆ ನಂಬಿಕೆ ಜಾಸ್ತಿ.

ಜೂನ್ ಕೊನೆಗೆ ಫೋನ್ ಬಂತು. ಒಂದು ರ್ಯಾಕು ಸರಿದಿದೆ, ಉಳಿದದ್ದಕ್ಕೆ ಇನ್ನೂ ಒಪ್ಪಿಗೆ ಇಲ್ಲ. ಭಾನುವಾರ ನಿದ್ದೆ ಬರುತ್ತಿದೆಯಂತೆ. "ಒಬ್ಬ ಹುಡುಗ ರ್ಯಾಕಿಗೆ ತಗಡಿನ ಬಾಗಿಲು ಹಾಕಿ ಒಳಗೆ ಬಲ್ಬ್ ಇಡೋಣ ಅಂತಾನೆ ಮೇಡಂ. ಅದು ಆಗಲ್ಲ ಅಂತ ನಂಗನ್ಸುತ್ತೆ. ಆದ್ರೂ ಒಂದಕ್ಕೆ ಹಾಕಿ ನೋಡು ಅಂದಿದೀನಿ."