9.30 ಅಂತ ಒತ್ತಿದ್ರೆ ಮಾಯ ಆಗೋ ಟೈಮು

ಪ್ರಶ್ನೆ: ಸರ್, ನಾನು ಬಿಸಿಎ ಕೊನೇ ವರ್ಷ. ನಮ್ಮ ಮಾವನ ಗಾರ್ಮೆಂಟ್ಸ್ ಯೂನಿಟ್‌ಗೆ ಜಾವಾ ಸ್ವಿಂಗ್‌ನಲ್ಲಿ (ಜಾವಾದಲ್ಲಿ ವಿಂಡೋ, ಬಟನ್ ಮಾಡೋ ಲೈಬ್ರರಿ) ಹಾಜರಿ ಪ್ರೋಗ್ರಾಮ್ ಮಾಡ್ಕೊಟ್ಟಿದೀನಿ. ಬರೋ ಟೈಮು, ಹೋಗೋ ಟೈಮು ಎರಡಕ್ಕೂ ಫಾರ್ಮ್ಯಾಟೆಡ್ ಟೆಕ್ಸ್ಟ್ ಫೀಲ್ಡ್ ಹಾಕಿ ##:## ಅಂತ ಮಾಸ್ಕ್ (ಒಂದೊಂದು # ಜಾಗಕ್ಕೂ ಒಂದೊಂದು ಅಂಕಿ ಬೇಕು ಅನ್ನೋ ಅಚ್ಚು) ಕೊಟ್ಟಿದೀನಿ. ನಾನು ಟೆಸ್ಟ್ ಮಾಡಿದಾಗ ಸರಿಯಾಗೇ ಇತ್ತು, ಆದ್ರೆ ಅಲ್ಲಿನ ಸೂಪರ್‌ವೈಸರ್ ಅಣ್ಣ ಟೈಪ್ ಮಾಡಿ ಟ್ಯಾಬ್ ಒತ್ತಿದ್ರೆ ಟೈಮೇ ಮಾಯ. ಮೊನ್ನೆ ನೋಡಿದ್ರೆ 45:80 ಅಂತ ಬೇರೆ ಸೇವ್ ಆಗಿದೆ! ಎಲ್ಲಿ ತಪ್ಪಿದೀನಿ?
— ಓದುಗ, ತುಮಕೂರು

ಉತ್ತರ: ಆ ಅಣ್ಣ ಟೈಪ್ ಮಾಡೋವಾಗ ಒಂದ್ಸಲ ಪಕ್ಕದಲ್ಲಿ ನಿಂತು ನೋಡಿ. ನೀವು 0930 ಅಂತ ಒತ್ತಿ ಟೆಸ್ಟ್ ಮಾಡಿರ್ತೀರಿ, ಅವರು ಪುಸ್ತಕದಲ್ಲಿ ಬರೆದು ರೂಢಿ ಇರೋರು, ನಾವೆಲ್ಲಾ ಬರೆಯೋ ಹಾಗೆ 9.30 ಅಂತ ಒತ್ತಿರ್ತಾರೆ. ಆಗ 9 ಮೊದಲನೇ ಮನೆಗೆ ಹೋಗುತ್ತೆ, ಚುಕ್ಕೆ ಮಾಸ್ಕ್‌ಗೆ ಆಗಲ್ಲ ಅಂತ ಬೀಪ್ ಹೊಡೆದು ಬಿಟ್ಟುಬಿಡುತ್ತೆ, 3 ಬಂದು 9ರ ಪಕ್ಕ ಕೂರುತ್ತೆ, 0 ಕೋಲನ್ ಆಚೆ ಹೋಗುತ್ತೆ, ಅಲ್ಲಿಗೆ 93:0 ಆಗಿ ಕೊನೇ ಮನೆ ಖಾಲಿ. ಮಾಸ್ಕ್ ತುಂಬಿಲ್ವಲ್ಲ, ಅದಕ್ಕೇ ಟ್ಯಾಬ್ ಒತ್ತಿದ ತಕ್ಷಣ ಫೀಲ್ಡು ಹಿಂದೆ ಏನಿತ್ತೋ ಅದಕ್ಕೇ ವಾಪಸ್ ಹೋಗುತ್ತೆ. ಫೋಕಸ್ ಹೋದಾಗ, ಅಂದ್ರೆ ಕರ್ಸರ್ ಬೇರೆ ಕಡೆ ಹೋದಾಗ, 'ಕಮಿಟ್ ಆರ್ ರಿವರ್ಟ್' (ಸರಿಯಿದ್ರೆ ಒಪ್ಕೋ, ಇಲ್ದಿದ್ರೆ ಹಿಂದಿನದಕ್ಕೆ ವಾಪಸ್ ಹೋಗು) ಅನ್ನೋದು ಅದರ ಡಿಫಾಲ್ಟ್ ಗುಣ. ಹಿಂದೆ ಏನೂ ಇರ್ಲಿಲ್ಲ, ಸೋ ಮಾಯ. ಒಂದ್ಸಲ ತುಂಬಿದ ಟೈಮನ್ನ ಅಳಿಸಿ ಖಾಲಿ ಬಿಡೋಕೂ ಬಿಡಲ್ಲ ನೋಡಿ, ಅದೂ ಇದೇ ಕಾರಣಕ್ಕೆ.

ಇನ್ನು 45:80. ಮಾಸ್ಕ್ ನೋಡೋದು ಆಕಾರ ಮಾತ್ರ, ನಾಲ್ಕು ಅಂಕಿ ಇದ್ರೆ ಅದಕ್ಕೆ ಸಾಕು, ಗಂಟೆ 23 ದಾಟಬಾರದು ನಿಮಿಷ 59 ದಾಟಬಾರದು ಅನ್ನೋದೆಲ್ಲ ಅದಕ್ಕೆ ಗೊತ್ತಿಲ್ಲ. ಕನ್ನಡ ಅಂಕಿ ೯ ಒತ್ತಿದ್ರೂ ಅದನ್ನ ಅಂಕಿ ಅಂತಾನೇ ಒಪ್ಕೊಳ್ಳುತ್ತೆ ಮಾರಾಯ್ರೆ, ಖುಷಿ ಪಡೋ ವಿಷಯಾನೇ, ಆದ್ರೆ ಮುಂದೆ ಪಾರ್ಸ್ ಮಾಡೋವಾಗ (ಆ ಅಕ್ಷರಗಳನ್ನ ಟೈಮಾಗಿ ಓದೋವಾಗ) ಎಡವಬಹುದು.

ಹಾಗಂತ ಸಿಂಪಲ್‌ಡೇಟ್‌ಫಾರ್ಮ್ಯಾಟ್ ಕಡೆ ಓಡಬೇಡಿ. ಟೈಮು ಓದೋ ಜಾವಾದ ಆ ಹಳೇ ಕ್ಲಾಸು ಡಿಫಾಲ್ಟಾಗಿ ಲೀನಿಯೆಂಟು (ತಪ್ಪನ್ನೂ ಸಹಿಸ್ಕೊಳ್ಳೋದು), 25:70 ಕೊಟ್ರೆ ಎರರ್ ಹೇಳದೆ ಲೆಕ್ಕ ಹಾಕಿ ಮಾರನೇ ದಿನದ 02:10 ಮಾಡಿ ಕೈಗಿಡುತ್ತೆ. ಲೀನಿಯೆಂಟ್ ಆಫ್ ಮಾಡಿದ್ರೂ 10:30 ಆದ್ಮೇಲೆ ಹಿಂದೆ ಏನ್ ಕಸ ಇದ್ರೂ ಕೇಳಲ್ಲ. ಪ್ಯಾಟರ್ನ್‌ನಲ್ಲಿ (ಟೈಮು ಹೇಗೆ ಬರೆದಿರುತ್ತೆ ಅಂತ ಹೇಳೋ ಅಕ್ಷರಗಳಲ್ಲಿ) ಕ್ಯಾಪಿಟಲ್ ಎಚ್ ಬದಲು ಸಣ್ಣ ಎಚ್ ಹಾಕಿದ್ರಂತೂ ಮಧ್ಯಾಹ್ನದ 12:30 ಹೋಗಿ ರಾತ್ರಿ 00:30 ಆಗುತ್ತೆ, ಕ್ಯಾಪಿಟಲ್ ಎಮ್ ಹಾಕಿದ್ರೆ ಅದು ನಿಮಿಷ ಅಲ್ಲ, ತಿಂಗಳು.

ನನ್ನ ಕೇಳಿದ್ರೆ ಮಾಸ್ಕನ್ನೇ ಕಿತ್ತಾಕಿ. ಸಾದಾ ಟೆಕ್ಸ್ಟ್ ಫೀಲ್ಡ್ ಇಟ್ಟು ಅದಕ್ಕೊಂದು ಇನ್‌ಪುಟ್‌ವೆರಿಫೈಯರ್ (ಫೀಲ್ಡ್ ಬಿಟ್ಟು ಹೋಗೋ ಮುಂಚೆ ಒಳಗಿರೋದು ಸರಿಯಿದೆಯಾ ಅಂತ ನೋಡೋದು) ಬರೀರಿ, ಚುಕ್ಕೆ ಬಂದ್ರೆ ಕೋಲನ್ ಮಾಡ್ಕೊಳ್ಳಿ, ಆಮೇಲೆ 2014ರಲ್ಲಿ ಜಾವಾ 8 ಜೊತೆ ಬಂದ ಲೋಕಲ್‌ಟೈಮ್‌ನಲ್ಲಿ ಪಾರ್ಸ್ ಮಾಡಿ. ಪ್ಯಾಟರ್ನ್‌ಗೆ ಕ್ಯಾಪಿಟಲ್ ಎಚ್ ಒಂದೇ ಹಾಕಿ, ಎರಡು ಹಾಕಿದ್ರೆ 9:30 ತಗೊಳ್ಳಲ್ಲ, 09:30 ಬೇಕು ಅಂತ ಹಟ ಮಾಡುತ್ತೆ. ರಿಸಾಲ್ವರ್ ಸ್ಟೈಲ್ (ಎಷ್ಟು ಕಟ್ಟುನಿಟ್ಟಾಗಿ ಓದಬೇಕು ಅನ್ನೋ ಸೆಟ್ಟಿಂಗು) ಸ್ಟ್ರಿಕ್ಟ್ ಇರ್ಲಿ, ಇಲ್ದಿದ್ರೆ 24:00 ಕೊಟ್ಟಾಗ ಸುಮ್ನೆ 00:00 ಮಾಡ್ಬಿಡುತ್ತೆ. ಫೋಕಸ್ ಹೋದ್ಮೇಲೆ ಫೀಲ್ಡಲ್ಲಿ 09:30 ಅಂತ ನೀವೇ ನೀಟಾಗಿ ಬರೆದು ತೋರಿಸಿ, ಅಣ್ಣನಿಗೂ ತಾನು ಏನ್ ಹಾಕ್ದೆ ಅಂತ ಕಾಣುತ್ತೆ.

ವೆರಿಫೈ ಮೆಥಡ್ ಒಳಗೆ ಮಾತ್ರ ಡಯಲಾಗ್ ಬಾಕ್ಸ್ ತೆಗೀಬೇಡಿ, ಆ ಬಾಕ್ಸೇ ಫೋಕಸ್ ಕಿತ್ಕೊಳ್ಳೋಕೆ ಹೋಗಿ ಮತ್ತೆ ವೆರಿಫೈ ಓಡಿ ಒದ್ದಾಡ್ತೀರಿ (ನಾನು ಒಂದಿಡೀ ರಾತ್ರಿ ಒದ್ದಾಡಿದೀನಿ). ಫೀಲ್ಡ್ ಕೆಂಪು ಮಾಡಿ, ಪಕ್ಕದ ಲೇಬಲ್‌ನಲ್ಲಿ 'ಟೈಮು ಸರಿಯಿಲ್ಲ, ಉದಾಹರಣೆಗೆ 9.30' ಅಂತ ಹಾಕಿ, ಸಾಕು. ಕ್ಯಾನ್ಸಲ್ ಬಟನ್‌ಗೆ ವೆರಿಫೈ ಬೇಡ ಅಂತ ಸೆಟ್ ಮಾಡೋದು ಮರೀಬೇಡಿ, ಇಲ್ದಿದ್ರೆ ಟೈಮು ತಪ್ಪಿರೋವಾಗ ಕ್ಯಾನ್ಸಲ್ಲೂ ಒತ್ತೋಕಾಗದೆ ಸಿಕ್ಕಾಕೋತಾರೆ. ಸೇವ್ ಮಾಡೋವಾಗ ಇನ್ನೊಂದ್ಸಲ ಚೆಕ್ ಮಾಡ್ಲೇಬೇಕು, ಯಾಕಂದ್ರೆ ಎಂಟರ್ ಒತ್ತಿ ಡಿಫಾಲ್ಟ್ ಬಟನ್ ಓಡಿಸಿದ್ರೆ ಫೋಕಸ್ಸೇ ಹೋಗಿರಲ್ಲ, ವೆರಿಫೈಯರ್ ಎದ್ದೇ ಇರಲ್ಲ.

ಪ್ರಶ್ನೆ: ನಮ್ಮ ಹಾಜರಿ ಪ್ರೋಗ್ರಾಮಲ್ಲಿ ಹೋಗೋ ಟೈಮು ಬರೋ ಟೈಮಿಗಿಂತ ಜಾಸ್ತಿ ಇರ್ಬೇಕು ಅಂತ ಕಂಡೀಶನ್ ಹಾಕಿದ್ರೆ ನೈಟ್ ಶಿಫ್ಟ್‌ನೋರದ್ದು ಎಂಟ್ರಿನೇ ಆಗ್ತಿಲ್ಲ ಸರ್.
— ಓದುಗಿ, ಹೊಸಪೇಟೆ

ಉತ್ತರ: ಆ ಕಂಡೀಶನ್ ತೆಗೀರಿ ಮೇಡಂ. 22:00ಕ್ಕೆ ಬಂದು 06:00ಕ್ಕೆ ಹೋದ್ರೆ ಕಳೆದಾಗ ಮೈನಸ್ 16 ಗಂಟೆ ಬರುತ್ತೆ, ಮೈನಸ್ ಬಂದ್ರೆ 24 ಸೇರಿಸಿ, 8 ಗಂಟೆ ಸರಿಯಾಗಿ ಸಿಗುತ್ತೆ. ಆದ್ರೆ 09:00ಕ್ಕೆ ಬಂದು 08:00ಕ್ಕೆ ಹೋದ್ರು ಅಂತ ತಪ್ಪಾಗಿ ಹಾಕಿದ್ರೆ ಇದೇ ಲೆಕ್ಕದಲ್ಲಿ 23 ಗಂಟೆ ಡ್ಯೂಟಿ ಆಗುತ್ತೆ, ಅದಕ್ಕೇ 12 ಗಂಟೆ ದಾಟಿದ್ರೆ 'ನಿಜಾನಾ?' ಅಂತ ಒಂದು ಪ್ರಶ್ನೆ ಕೇಳಿಸಿ, ಹೂಂ ಅಂದ್ರೆ ಸೇವ್ ಆಗ್ಲಿ.